ಬಿಪಿ ಪಟ್ಟಿ

ಊರಿನ ವಯಸ್ಸಾದವರು ಹಗಲು ಕೂರುವ ಹಿರಿಯರ ಮನೆಗೆ ತಳಪಾಯ ತೋಡಿದ್ದು ನಮ್ಮ ಕೇರಿಯ ಮುದುಕರು. ಆರು ವರ್ಷದ ಹಿಂದೆ ಎರಡು ಗುಂಟೆ ಜಾಗ ಬಿಟ್ಟುಕೊಟ್ಟವನು ಕೆಂಪಸಿದ್ದಯ್ಯ. ಗಾರೆ ಹೊತ್ತವಳು ಅವನ ಹೆಂಡತಿ ಮರಿತಾಯಮ್ಮ. ಬಾಗಿಲ ಮೇಲಿನ ಕಲ್ಲಲ್ಲಿ ಇರುವುದು ಅದರ ಸಮಿತಿ ಅಧ್ಯಕ್ಷ, ಮೇಲಿನ ಬೀದಿಯ ರಘುನಂದನನ ಹೆಸರು.

ಅಲ್ಲಿ ಮಧ್ಯಾಹ್ನಕ್ಕೆ ಮುದ್ದೆ ಉಪ್ಸಾರು, ಒಂದು ಪೇಪರು, ಒಂದು ಟಿವಿ. ಮಂಗಳವಾರ ನರ್ಸ್ ಕವಿತ ಕೆರಗೋಡಿನ ಬಸ್ಸಲ್ಲಿ ಬಂದು ಬಿಪಿ ನೋಡಿ ಮಾತ್ರೆ ಕೊಡುತ್ತಾಳೆ. ಕೇರಿಯವರ ಸರದಿ ಕೊನೆಗೆ. ಅಷ್ಟೊತ್ತಿಗೆ ಮಾತ್ರೆ ಮುಗಿದಿರುತ್ತದೆ. ಕೆಂಪಸಿದ್ದಯ್ಯ ಹೋದ ವರ್ಷ ಲಕ್ವ ಹೊಡೆದು ಸತ್ತ.

ಈ ಮಂಗಳವಾರ ಮರಿತಾಯಮ್ಮ ಎಲ್ಲರಿಗಿಂತ ಮುಂಚೆ ಬಂದು ಕುರ್ಚಿಯಲ್ಲಿ ಕೂತಳು. ಎಡಗೈ ಚಾಚಿದಳು.

"ತಲೆ ಗಿರ್ ಅಂತದೆ ಕಣವ್ವ. ಕಟ್ಟು."

ಕವಿತ ತೋಳಪಟ್ಟಿ ಬಿಚ್ಚುವಷ್ಟರಲ್ಲಿ ರಘುನಂದನ್ ತನ್ನಪ್ಪನನ್ನು ನಡೆಸಿಕೊಂಡು ಒಳಬಂದ.

"ಏಯ್, ಏಳಮ್ಮಿ! ನಿನ್ ತೋಳ್ಗೆ ಕಟ್ಟಿದ್ದ ನಮ್ಮಪ್ಪಂಗೆ ಕಟ್ಟಕ್ಕಾಯ್ತದಾ?"

"ಕಟ್ಟಿಸ್ಕಳ್ದಿದ್ರೆ ಬುಡ್ಲಿ. ನಾ ಮೊದ್ಲು ಬಂದಿವ್ನಿ."

"ಬಾಯಿ ಬಂತಾ ನಿಂಗೆ?"

"ಮೊದ್ಲೂ ಇತ್ತು ಕಣಪ್ಪ. ಮುಚ್ಕಂಡಿರು ಅನ್ನೋನು ನನ್ ಗಂಡ. ಮುಚ್ಕಂಡೇ ಸತ್ತೋದ."

ರಘುನಂದನನ ಬೀದಿಯವಳೇ ಆದ ಬೆಟ್ಟಮ್ಮ ಹಿಂದೆ ಕಿಸಕ್ಕನೆ ನಕ್ಕಳು. ಆ ನಗೆಗೆ ಅವನು ಕೆರಳಿದ. ಕುರ್ಚಿಗೆ ಒದ್ದ. ಬಿದ್ದ ಮುದುಕಿಯ ಎಡಗೈ ಹಿಡಿದು ಬಾಗಿಲತ್ತ ದರದರ ಎಳೆದ. ತಲೆ ಹೊಸಿಲಿಗೆ ಬಡಿದು ಬಿಳಿಗೂದಲು ಕೆಂಪಾಯಿತು. ಇನ್ನೊಂದು ಕೈಯಲ್ಲಿ ಅವಳು ಬಾಗಿಲ ಚೌಕಟ್ಟು ಹಿಡಿದಳು. ಬಿಡಲಿಲ್ಲ. ಅವನು ತೋಳು ತಿರುಚಿದ. ಕಬ್ಬಿನ ಜಲ್ಲೆ ಮುರಿದ ಹಾಗೆ ಸದ್ದಾಯಿತು.

"ಬುಡ್ಲಾ ಅವ್ಳ! ನಿನ್ ಕೈ ಸೇದೋಗ!" ಬೆಟ್ಟಮ್ಮ ಅವನ ಅಂಗಿಗೆ ಕೈಹಾಕಿದಳು. ಅವಳ ಕೆನ್ನೆಗೂ ಬಾರಿಸಿದ.

ಕೇರಿಯ ಲಿಂಗಯ್ಯ ಊರುಗೋಲು ಎತ್ತಿದ. ಪೊರೆ ಬಂದ ಕಣ್ಣಿನವನ ಏಟು, ರಘುನಂದನನ ಮೂಗಿಗೇ ಬಿತ್ತು. ಮತ್ತೊಂದು ಕೋಲು ಎದ್ದಿತು. ಇನ್ನೊಂದು. ಎರಡೂ ಬೀದಿಯ ಮುದುಕರು, ಮುದುಕಿಯರು ಸೇರಿ ಅವನನ್ನು ಅಂಗಳಕ್ಕೆ ದಬ್ಬಿ ಅಗುಳಿ ಹಾಕಿದರು. ಅವನಪ್ಪ ಒಳಗೇ ಗೋಡೆಗಂಟಿ ನಿಂತುಬಿಟ್ಟ.

"ಜನ ಕರ್ಕ ಬತ್ತೀನಿ! ಒಬ್ರುನ್ನೂ ಬುಡಾಕಿಲ್ಲ!" ಹೊರಗೆ ರಘುನಂದನ್ ಬಾಗಿಲಿಗೆ ಒದೆಯುತ್ತಿದ್ದ.

"ಅಜ್ಜಿ, ಅಲ್ಲಾಡ್ಬೇಡಿ. ಆಂಬುಲೆನ್ಸ್ ಬತ್ತದೆ," ಕವಿತ ಅಳುತ್ತಿದ್ದಳು.

ಬೆಟ್ಟಮ್ಮ ಕುರ್ಚಿ ಎತ್ತಿ ನಿಲ್ಲಿಸಿದಳು. ಮರಿತಾಯಮ್ಮ ಕೂತಳು. ಎಡಗೈ ತೂಗಾಡುತ್ತಿತ್ತು. ರಕ್ತ ಮೆತ್ತಿದ ಬಲಗೈ ಚಾಚಿದಳು.

"ಬರ್ಲಿ. ಅಲ್ಲೀಗಂಟ ಇದ್ಕೆ ಕಟ್ಟವ್ವ. ಮೊದ್ಲು ನಂದು."