ಮೇಷ್ಟ್ರ ಅಲರ್ಜಿ ಪರೀಕ್ಷೆ

ಮೇಷ್ಟ್ರಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಆಯುಷ್ಯವೆಲ್ಲ ಇಂಗ್ಲಿಷ್ ಪಾಠ ಹೇಳಿ ಗಂಟಲು ಹರಿದುಕೊಂಡವರು, ನಿವೃತ್ತರಾದ ಮೇಲೆ ಸೌಟು ಹಿಡಿದಿದ್ದರು. ಹೆಂಡತಿ ಇನ್ನೂ ಆಫೀಸಿಗೆ ಹೋಗುತ್ತಿದ್ದಳಲ್ಲ, ಇನ್ನೇನು ಮಾಡುವುದು? ಸೌಟು ಹಿಡಿದ ದಿನದಿಂದ ಅವರ ಪ್ರಾಣ ತಿನ್ನುತ್ತಿದ್ದದ್ದು ಒಂದೇ ಪದ: ಅಲರ್ಜಿ. ಹೆಂಡತಿಗೆ ಕುಂಬಳಕಾಯಿ ಅಲರ್ಜಿ. ಮಗನಿಗೆ ಬೆಂಡೆಕಾಯಿ ಅಲರ್ಜಿ, ಬೆಳಗ್ಗೆ ಏಳುವುದು ಅಲರ್ಜಿ, ಒಗೆದ ಬಟ್ಟೆ ಮಡಿಸುವುದಂತೂ ಮಹಾ ಅಲರ್ಜಿ. ಅಲ್ಲ, ಹಿಡಿಸದ್ದಕ್ಕೆಲ್ಲ ಅದೇ ಪದ ಅಂಟಿಸಿದರೆ ಪದಕ್ಕೆ ಏನು ಬೆಲೆ ಉಳಿಯಿತು?

"ಮೈ ಬೇಡ ಅಂದ್ರೆ ಅಲರ್ಜಿ ಕಣೋ. ನಾಲಿಗೆ ಬೇಡ ಅಂದ್ರೆ ಕೊಬ್ಬು," ಎಂದು ಮಗನಿಗೆ ಹೇಳಿ ಹೇಳಿ ಸಾಕಾಗಿತ್ತು. ಗೋಡೆಗೆ ಹೇಳಿದ್ದರೆ ಅದಾದರೂ ಹೂಂ ಅನ್ನುತ್ತಿತ್ತೇನೋ.

ಕೊನೆಗೆ ಮೇಷ್ಟ್ರು ಪರೀಕ್ಷೆ ಶುರು ಮಾಡಿದರು. ಯಾರು ಏನನ್ನು ಅಲರ್ಜಿ ಅನ್ನುತ್ತಾರೋ ಅದನ್ನೇ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ ಪಲ್ಯಕ್ಕೆ ಬೆರೆಸುವುದು. ಮಗ ಮತ್ತೆ ಮತ್ತೆ ಹಾಕಿಸಿಕೊಂಡು ತಟ್ಟೆ ನೆಕ್ಕಿದ ಮೇಲೆ, "ಎಲ್ಲಪ್ಪಾ ನಿನ್ನ ಅಲರ್ಜಿ? ಒಂದು ಗುಳ್ಳೆನೂ ಏಳಲಿಲ್ವಲ್ಲ," ಎಂದು ಕೇಳುವುದು. ಆ ಸುಖ ಅವರಿಗೆ ನೌಕರಿಯಲ್ಲೂ ಸಿಕ್ಕಿರಲಿಲ್ಲ.

ಹೀಗಿರುವಾಗ ಮನೆಗೆ ಹೊಸ ಸೊಸೆ ಬಂದಳು. ಬಂದವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮಾವ, ನಂಗೆ ಕಡಲೆಬೀಜ ಅಲರ್ಜಿ," ಅಂದಳು.

ತಗೋ, ಇನ್ನೊಂದು ಸೇರಿತು. ಮೇಷ್ಟ್ರು ಸೌಟು ಕೆಳಗಿಟ್ಟು, ಆ ಪದದ ಅರ್ಥ, ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂದು ಪಾಠ ಮಾಡಿದರು. ಹುಡುಗಿ ಎದುರಾಡದೆ ಪೂರ್ತಿ ಕೇಳಿದಳು. "ನೀವು ಹೇಳೋದು ಸರಿ ಮಾವ. ನಂಗೆ ಅದನ್ನ ತಿಂದ್ರೆ ಉಸಿರು ಕಟ್ಟುತ್ತೆ."

"ನಿಜ ಅಪ್ಪ," ಎಂದ ಮಗ.

"ಬೆಂಡೆಕಾಯಿಗೂ ಉಸಿರು ಕಟ್ಟುತ್ತೆ ಅಂದಿದ್ದೆಯಲ್ಲೋ ನೀನು," ಎಂದು ಮೇಷ್ಟ್ರು ಅವನ ಬಾಯಿ ಮುಚ್ಚಿಸಿದರು. ಗಂಡನಿಗೆ ತಕ್ಕ ಹೆಂಡತಿ ಎಂದುಕೊಂಡು, ಭಾನುವಾರ ಒಂದು ಹಿಡಿ ಕಡಲೆಬೀಜವನ್ನು ಹುರಿಯದೆ, ವಾಸನೆ ಬರದ ಹಾಗೆ ರುಬ್ಬಿ ಪಲ್ಯಕ್ಕೆ ಹಾಕಿದರು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಮೇಷ್ಟ್ರು ಸೊಸೆಗೇ ಮೊದಲು ಬಡಿಸಿದರು. ಅವಳು ಪಕ್ಕದಲ್ಲಿದ್ದ ಚೀಲದಿಂದ ದಪ್ಪ ಪೆನ್ನಿನಂಥ ಇಂಜೆಕ್ಷನ್ ತೆಗೆದು ಅತ್ತೆಯ ಮುಂದಿಟ್ಟಳು.

"ಅತ್ತೆ, ಇದನ್ನ ನೀವೂ ಒಂದು ಸಲ ನೋಡಿಟ್ಕೊಳ್ಳಿ. ನಂಗೇನಾದ್ರೂ ಆದ್ರೆ ಇಲ್ಲಿ, ತೊಡೆಗೆ ಜೋರಾಗಿ ಒತ್ತಿ ಹಿಡೀಬೇಕು. ಆಮೇಲೆ ತಕ್ಷಣ ಆಸ್ಪತ್ರೆಗೆ. ಚಿಕ್ಕೋಳಿದ್ದಾಗ ಒಂದು ಸಲ ತಡ ಆಗಿ, ಡಾಕ್ಟ್ರು ಕೈಚೆಲ್ಲಿಬಿಟ್ಟಿದ್ರಂತೆ." ಆಮೇಲೆ ಮೇಷ್ಟ್ರ ಕಡೆ ನೋಡಿ ನಕ್ಕಳು. "ಬೇರೆಯವರ ಮನೇಲಿ ನಾನು ನೀರು ಬಿಟ್ಟು ಏನೂ ಮುಟ್ಟಲ್ಲ. ಎಲ್ಲರೂ ತಮಾಷೆ ಅಂದ್ಕೋತಾರೆ. ಇಲ್ಲಿ ಭಯ ಇಲ್ಲ ಬಿಡಿ. ಮಾವನಿಗೆ ಅಲರ್ಜಿ ಅಂದ್ರೆ ಏನು ಅಂತ ಗೊತ್ತು."

ಹೇಳುತ್ತಲೇ ತುತ್ತು ಕಲಸಿ ಎತ್ತಿದಳು.

ಮೇಷ್ಟ್ರು ಅವಳ ಮಣಿಕಟ್ಟು ಗಬಕ್ಕನೆ ಹಿಡಿದರು. ತುತ್ತು ಮೇಜಿನ ಮೇಲೆ ಬಿತ್ತು.

"ತಿನ್ಬೇಡಮ್ಮ. ಅದರಲ್ಲಿದೆ."

ಮಗ ಎದ್ದು ನಿಂತಿದ್ದ. ಸೊಸೆಯ ಮುಖ ಬಿಳಿಚಿಕೊಂಡಿತ್ತು. ಆದರೂ ಅವಳೇ ಮೊದಲು ಬಾಯಿ ಬಿಟ್ಟಳು. "ಮರೆತು ಹಾಕಿದ್ರಾ ಮಾವ?"

ಹೂಂ ಅಂದರೆ ಮುಗಿದುಹೋಗುತ್ತಿತ್ತು. ಮಾನ ಉಳಿಯುತ್ತಿತ್ತು. ಆದರೆ ನಾಳೆ ಇದೇ ಹುಡುಗಿ ಇದೇ ನಂಬಿಕೆಯಿಂದ ಈ ಕೈಯಲ್ಲೇ ಬಡಿಸಿಕೊಳ್ಳಬೇಕಿತ್ತು.

"ಇಲ್ಲಮ್ಮ," ಎಂದರು ಮೇಷ್ಟ್ರು. "ನೀನು ಸುಳ್ಳು ಹೇಳ್ತಿದ್ದೀಯ ಅಂತ ತೋರಿಸೋದಕ್ಕೆ ಹಾಕಿದೆ."

ಅವಳು ಎದ್ದುಹೋಗಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದಳು, ಮತ್ತೊಮ್ಮೆ ತೊಳೆದಳು. ವಾಪಸು ಬಂದು ಇಂಜೆಕ್ಷನ್ನನ್ನು ಚೀಲಕ್ಕೆ ಹಾಕಿಕೊಂಡಳು. ದನಿ ಏರಿಸಲಿಲ್ಲ.

"ಬೇರೆಯವರಿಗೆ ಗೊತ್ತಿರಲ್ಲ, ಕ್ಷಮಿಸ್ತೀನಿ," ಅಂದಳು. "ನಿಮಗೆ ಗೊತ್ತಿತ್ತಲ್ಲ ಮಾವ."