ಪಟ್ಟಿಯಲ್ಲಿಲ್ಲದ ಹೆಂಗಸು

ಇದು ನಿಜವಾಗಿ ನಡೆದದ್ದು. ಬೇಕಾದರೆ ಆಣೆ ಹಾಕುತ್ತೇನೆ, ಯಾರ ದನಿಯಲ್ಲಿ ಹಾಕಲಿ ಅಂತ ಮಾತ್ರ ನೀವೇ ಹೇಳಬೇಕು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಸಾರಿ ಅರ್ಧ ಕಾಲೇಜನ್ನು ಮನೆಗೆ ಕಳಿಸಿದವನು ನಾನು. ಆಮೇಲೆ ಪ್ರಿನ್ಸಿಪಾಲರು ತಮ್ಮದೇ ದನಿಯಲ್ಲಿ ನನ್ನನ್ನು ಹದಿನೈದು ದಿನ ಮನೆಗೆ ಕಳಿಸಿದರು.

ಅಂಥವನಿಗೆ ಕೆಲಸ ಸಿಕ್ಕಿದ್ದು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಗೆ ಸಲಹೆ ಕೊಡುವ ಸಂಸ್ಥೆಯಲ್ಲಿ. ಅಂದರೆ ಇಷ್ಟೇ: ಬಣ್ಣದ ಕಾರ್ಖಾನೆಯೊಂದು ಬಡ ಹೆಂಗಸರಿಗೆ ಮಿಷನ್ ಕೊಟ್ಟು ಹೊಲಿಗೆ ಕಲಿಸುತ್ತದೆ. ಅದರಿಂದ ಅವರ ಬದುಕು ಬದಲಾಯಿತೇ ಅಂತ ನೋಡಿ ನಾವು ವರದಿ ಬರೆಯುತ್ತೇವೆ. ಬದಲಾಗಿದ್ದರೆ ಮುಂದಿನ ವರ್ಷವೂ ನಮ್ಮನ್ನೇ ಕರೆಯುತ್ತಾರೆ. ಹಾಗಾಗಿ ಬದಲಾಗಿರುತ್ತದೆ. ಕಲಿತವರನ್ನು ವರದಿಯಲ್ಲಿ ಫಲಾನುಭವಿಗಳು ಅನ್ನುತ್ತೇವೆ. ಫಲ ಕಾರ್ಖಾನೆಗೆ, ಅನುಭವ ಅವರಿಗೆ.

ನಮ್ಮ ಆಫೀಸಿನ ಹಿರಿಯರನ್ನು ಎಲ್ಲರೂ ಗುರುಗಳು ಅನ್ನುತ್ತಿದ್ದರು. ಈ ಕಸುಬಿನಲ್ಲಿ ಇಪ್ಪತ್ತೆರಡು ವರ್ಷ. ಅವರ ವರದಿಗಳಲ್ಲಿ ಪ್ರತಿ ಅಧ್ಯಾಯದ ಕೊನೆಗೊಂದು ಚೌಕಟ್ಟು, ಅದರೊಳಗೆ ಒಬ್ಬ ಫಲಾನುಭವಿಯ ಮಾತು. ಅದನ್ನು ಓದಿ ದೊಡ್ಡ ದೊಡ್ಡ ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರಂತೆ. "ಅಂಕಿ ಅಂಶ ತಲೆಗೆ, ಮಾತು ಗಂಟಲಿಗೆ ಕಣಯ್ಯಾ," ಅನ್ನುತ್ತಿದ್ದರು ಗುರುಗಳು. ಆ ಮಾತುಗಳಿಗಾಗಿ ಮೂಲೆಯ ಗಾಜಿನ ಕೋಣೆ ಸೇರಿ, ಬಾಗಿಲು ಹಾಕಿಕೊಂಡು, ಕಾರ್ಖಾನೆ ಕೊಟ್ಟ ಫಲಾನುಭವಿಗಳ ಪಟ್ಟಿ ಹಿಡಿದು ಫೋನ್ ಮಾಡುತ್ತಿದ್ದರು. ಹೊರಗೆ ಕೂತ ನಮಗೆ ಕಾಣುತ್ತಿದ್ದದ್ದು ತಲೆ ಆಡಿಸುವುದು, ಬರೆದುಕೊಳ್ಳುವುದು, ಮತ್ತೆ ತಲೆ ಆಡಿಸುವುದು. ಆ ತಲೆಯಾಟವನ್ನು ನಾನು ಊಟದ ಹೊತ್ತಿನಲ್ಲಿ ಆಡಿ ತೋರಿಸಿ ಎಲ್ಲರ ಬಾಯಲ್ಲಿದ್ದ ನೀರು ಮೂಗಿಗೆ ಬರಿಸುತ್ತಿದ್ದೆ.

ಒಂದು ಮಂಗಳವಾರ ನನ್ನ ಚೀಲದಲ್ಲಿ ಚಿಕ್ಕಮ್ಮನ ಫೋನಿತ್ತು, ಗಾಜು ಒಡೆದಿತ್ತು ಅಂತ ರಿಪೇರಿ ಮಾಡಿಸಿಕೊಂಡು ಬಂದಿದ್ದೆ. ನಾನಿರುವುದು ಚಿಕ್ಕಮ್ಮನ ಮನೆಯಲ್ಲೇ. ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡವಳು, ತುಟಿಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವವಳು. ಆ ದನಿ ನನಗೆ ಬಾಯಿಪಾಠ. ಗುರುಗಳು ಗಾಜಿನ ಕೋಣೆಯಲ್ಲಿದ್ದರು. ನಾನು ಹಿಂದಿನ ಮೆಟ್ಟಿಲಿಗೆ ಹೋಗಿ, ಪಿನ್ನಿಲ್ಲದ ತುಟಿ ಬಿಗಿದು ಚಿಕ್ಕಮ್ಮನ ಫೋನಿನಿಂದಲೇ ಅವರಿಗೆ ಫೋನ್ ಮಾಡಿದೆ.

"ಸಾರ್, ಹೊಲಿಗೆ ಕಲಿತವಳು ನಾನು. ಒಂದು ಮಾತು ಹೇಳ್ಬೇಕಿತ್ತು."

ಆ ಕಡೆ ಹಾಳೆಗಳು ಸರಸರ ಸರಿದವು. ಆಮೇಲೆ, "ಹೇಳಮ್ಮ."

"ಮುಂಚೆ ನಮ್ಮನೆಯವರು ಉಂಡು ಉಳಿದಿದ್ರೆ ನನಗೆ. ಈಗ ನಾನು ಮಿಷನ್ ಮುಂದೆ ಕೂತಿದ್ರೆ ಅವರೇ ತಟ್ಟೆ ತಂದು ಪಕ್ಕದಲ್ಲಿಟ್ಟು ಹೋಗ್ತಾರೆ. ಮಾತಿಲ್ಲ ಕತೆಯಿಲ್ಲ ಸಾರ್, ಇಟ್ಟು ಹೋಗ್ತಾರೆ ಅಷ್ಟೇ. ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು."

ಫೋನ್ ಇಟ್ಟು ಓಡಿಬಂದು, ಅದೇ ದನಿಯಲ್ಲಿ ಅವರೆದುರು ಹಾಜರಾಗುವುದು ನನ್ನ ಯೋಜನೆ. ಬಂದರೆ ಗುರುಗಳು ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಕಣ್ಣು ಕೆಂಪಾಗಿತ್ತು.

"ಅವಳಾಗೇ ಫೋನ್ ಮಾಡಿದ್ಲು ಕಣಯ್ಯಾ. ನಾನು ಕೇಳದೇನೇ."

ನಾಳೆ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಅವರು ಮೇಜಿನ ಖಾನೆ ಎಳೆದು ಒಂದು ಕಾಗದ ತೆಗೆದರು. ಮೂರು ತಿಂಗಳಿಂದ ಅಲ್ಲೇ ಮಲಗಿದ್ದ ರಾಜೀನಾಮೆ, ಇಡೀ ಆಫೀಸಿಗೆ ಗೊತ್ತಿದ್ದ ಗುಟ್ಟು. ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. "ಒಬ್ಬಳಿದ್ದರೆ ಸಾಕು," ಅಂದರು.

ಆ ಮೇಲೆ ಹೇಳುವುದು ಹೇಗೆ? ತಟ್ಟೆಯ ಮಾತು ವರದಿಯ ಮೊದಲ ಪುಟಕ್ಕೆ ಹೋಯಿತು, ಅಲ್ಲಿಂದ ಕಾರ್ಖಾನೆಯ ಕಿರುಹೊತ್ತಿಗೆಗೆ ಹೋಯಿತು. ಮುಂದಿನ ತಿಂಗಳು ಒಂದು ಶುಕ್ರವಾರ ಕಾರ್ಖಾನೆಯಲ್ಲಿ ಸಮಾರಂಭ, ಆಕೆಯನ್ನು ವೇದಿಕೆಗೆ ಕರೆತರುತ್ತೇನೆ ಅಂತ ಗುರುಗಳು ಮಾತು ಕೊಟ್ಟರು. ಆ ವಾರದ ಬುಧವಾರ ಸಂಜೆ ಮನೆಗೆ ಹೋದರೆ ಚಿಕ್ಕಮ್ಮ ಮಿಷನ್ ನಿಲ್ಲಿಸಿ ಕೂತಿದ್ದಳು.

"ಏನೋ ಪೋಲಿ, ನಾನು ಯಾವಾಗ ಸಾಧಕಿ ಆದೆ?"

"ಚಿಕ್ಕಮ್ಮ, ಅದು..."

"ಯಾರೋ ಹಿರಿಯರು ಫೋನ್ ಮಾಡಿದ್ರು. ಕಾರು ಕಳಿಸ್ತೀವಿ, ಬನ್ನಿ ಅಮ್ಮ ಅಂದ್ರು. ನಿಮ್ಮ ಯಜಮಾನ್ರು ಈಗಲೂ ತಟ್ಟೆ ತಂದಿಡ್ತಾರಾ ಅಂತ ಕೇಳಿದ್ರು. ನಿಮ್ಮ ಚಿಕ್ಕಪ್ಪ ತಟ್ಟೆ ಎತ್ತಿದ್ದು ಒಂದೇ ಸಲ ಕಣೋ, ಎಸೆಯೋಕೆ."

ಎಲ್ಲ ಹೇಳಿ ಕೈಮುಗಿದೆ. "ಒಂದು ದಿನ ಬಂದು ಹೂಂ ಅಂದುಬಿಡು ಚಿಕ್ಕಮ್ಮ. ಪಾಪ, ಆ ಮನುಷ್ಯ ನಂಬಿಬಿಟ್ಟಿದ್ದಾರೆ."

ಚಿಕ್ಕಮ್ಮ ತುಟಿಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. "ಹೊಲಿಗೆ ನಾನು ಕಲಿತದ್ದು ನಮ್ಮತ್ತೆ ಹತ್ತಿರ, ಒದೆ ತಿಂದು. ಆ ಒದೆನ ಕಾರ್ಖಾನೆ ಹೆಸರಿಗೆ ಬರ್ಕೊಡಲ್ಲ. ನಾಳೆ ನೀನು ಹೇಳ್ತೀಯೋ, ನಾನು ಹೇಳಲೋ?"

ಗುರುವಾರ ಬೆಳಿಗ್ಗೆ ಗಾಜಿನ ಕೋಣೆಗೆ ಹೋದೆ. ನನ್ನ ದನಿಯಲ್ಲಿ ಹೇಳಲು ಧೈರ್ಯ ಸಾಲಲಿಲ್ಲ. ತುಟಿ ಬಿಗಿದೆ.

"ಸಾರ್, ಹೊಲಿಗೆ ಕಲಿತವಳು ನಾನು."

ಗುರುಗಳ ಪೆನ್ನು ನಿಂತಿತು. ಬೈಯಲಿ, ಎದ್ದು ಬಂದು ಕೆನ್ನೆಗೆ ಬಿಡಲಿ ಅಂತ ಕಾದೆ.

"ತಟ್ಟೆಯ ವಿಷಯ ಯಾರು ಹೇಳಿಕೊಟ್ರು?"

"ನಾನೇ ಕಟ್ಟಿದ್ದು ಸಾರ್."

"ಚೆನ್ನಾಗಿತ್ತು. ನನಗೂ ಹೊಳೀತಿರಲಿಲ್ಲ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊದಲ ವರ್ಷ ನಾನು ನಿಜವಾಗಲೂ ಫೋನ್ ಮಾಡಿದೆ ಕಣಯ್ಯಾ. ಮೂರು ಜನ ಎತ್ತಿದ್ರು. ಮಿಷನ್ ಬಂದೇ ಇಲ್ಲ ಅಂದ್ರು. ಹಾಗೇ ಬರೆದೆ. ವರದಿ ವಾಪಸು ಬಂತು, ಧಾಟಿ ಸರಿಯಿಲ್ಲ ಅಂತ. ಮಾರನೇ ವರ್ಷ ನಾನೇ ಬರೆದೆ. ಧಾಟಿ ಸರಿಹೋಯ್ತು. ಅವತ್ತಿಂದ ಈ ಕೋಣೆಯಲ್ಲಿ ನಾನು ತಲೆ ಆಡಿಸಿದ್ದೆಲ್ಲ ಒಬ್ಬಳಿಗೇ. ನೀವು ಕರೆ ಮಾಡಿರುವ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಅಂತಾಳಲ್ಲ, ಅವಳಿಗೆ."

"ಮತ್ತೆ ನನ್ನ ಫೋನನ್ನ ಯಾಕೆ ನಂಬಿದ್ರಿ ಸಾರ್?"

"ಪಟ್ಟಿ ನೋಡಿದೆ. ಫೋನ್ ಬಂದ ನಂಬರು ಪಟ್ಟಿಯಲ್ಲಿ ಇರಲಿಲ್ಲ. ಅದಕ್ಕೇ ನಂಬಿದೆ."

ನಾನು ಸಾರಿ ಅನ್ನುವಷ್ಟರಲ್ಲಿ ಅವರು ಕಾರ್ಖಾನೆಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಸಮಾರಂಭದ ಹೊಣೆ ಹೊತ್ತ ಮೇಡಂ ಎತ್ತಿದರು.

"ಮೇಡಂ, ತಟ್ಟೆಯ ಹೆಂಗಸು ಸುಳ್ಳು. ಅಂಥವಳು ಯಾರೂ ಇಲ್ಲ. ನಮ್ಮ ಹುಡುಗನೊಬ್ಬ ತಮಾಷೆಗೆ ಫೋನ್ ಮಾಡಿದ್ದ, ನಾನು ಪರೀಕ್ಷೆ ಮಾಡದೆ ಬರೆದೆ. ತಪ್ಪು ನನ್ನದು."

ಆ ಕಡೆ ಕಾಗದ ಮಗುಚುವ ಸದ್ದು.

"ಅಯ್ಯೋ ಸಾರ್, ಕಿರುಹೊತ್ತಿಗೆ ಅಚ್ಚಾಗಿ ಬಂದ್ಬಿಟ್ಟಿದೆ. ಈಗ ಇಲ್ಲ ಅಂದ್ರೆ ಹೇಗೆ?"

"ಇಲ್ಲ ಅಂದ್ರೆ ಇಲ್ಲ ಮೇಡಂ."

"ಪರವಾಗಿಲ್ಲ, ಯಾರಾದ್ರೂ ಒಬ್ಬರನ್ನ ಕಳಿಸಿ. ಎರಡು ಮಾತು ಆಡಿದ್ರೆ ಆಯ್ತು. ಬಟ್ಟೆ ಮಾತ್ರ ನೀಲಿ ಇರಲಿ ಸಾರ್, ವೇದಿಕೆಗೆ ಹೊಂದುತ್ತೆ."

ಫೋನ್ ಕಟ್ಟಾಯಿತು. ಗುರುಗಳು ನನ್ನನ್ನು ನೋಡಿದರು, ಫೋನನ್ನು ನೋಡಿದರು. ಮೊದಲು ಭುಜ ಅಲುಗಿತು. ಅಳುತ್ತಾರೆ ಅಂದುಕೊಂಡೆ. "ನೀಲಿ," ಅಂದರು. "ನೀಲಿ ಕಣಯ್ಯಾ!" ಮೇಜು ಗುದ್ದಿದರು. ಕೆಮ್ಮು ಬಂತು, ಕೆಮ್ಮಿನ ನಡುವೆಯೂ ನಕ್ಕರು, ನಗುತ್ತಲೇ ಒಂದು ಬಿಳಿ ಹಾಳೆ ಎಳೆದುಕೊಂಡು ಮೇಲೆ ದಿನಾಂಕ ಬರೆದರು. ಕಳೆದ ಸಲ ಮೂರು ತಿಂಗಳು ಮಲಗಿದ್ದ ರಾಜೀನಾಮೆ ಈ ಸಲ ಮೂರು ಸಾಲಿನಲ್ಲಿ ಮುಗಿಯಿತು. ನಗುವಿನ ಭರದಲ್ಲಿ ಸಹಿ ಬೇರೆ ಯಾರದೋ ಥರ ಬಂತು.

ಗಾಜಿನಾಚೆ ಇಡೀ ಆಫೀಸು ಎದ್ದು ನಿಂತಿತ್ತು. ನಾನು ಮತ್ತೇನೋ ಮಿಮಿಕ್ರಿ ಮಾಡಿದೆ ಅಂತ ಅವರ ಲೆಕ್ಕ, ಗೊತ್ತಿಲ್ಲದೆಯೇ ನಗಲು ಶುರು ಮಾಡಿದರು. ಹೆದರಿಕೆಗೆ ನಾನೂ ನಕ್ಕೆ. ಅಷ್ಟು ಜನರ ನಗುವನ್ನೂ ಮೀರಿ, ಮುಚ್ಚಿದ ಬಾಗಿಲನ್ನೂ ದಾಟಿ, ಹಿಂದಿನ ಮೆಟ್ಟಿಲಿನವರೆಗೆ ಕೇಳುತ್ತಿದ್ದದ್ದು ಗುರುಗಳ ನಗು.