ಸಾಬವ್ವನ ಡಂಗುರ

“ಲೇ ದೇವೀಂದ್ರ, ನಿಮ್ಮ ಓಣ್ಯಾಗ ಮೆತ್ತಗ ಬಾರಿಸಬೇಕು. ಊರು ಹಾರೂ ಹಂಗ ಬಡದಿ ಅಂದ್ರ ನಿನ್ನ ಚರ್ಮ ಸುಲಿಸಿ ಹಲಗಿಗಿ ಬಿಗಸ್ತೇನಿ, ಸೂಳಿಮಗನ.”

ಶಾಂತಲಿಂಗಪ್ಪ ಗೌಡರು ಇದನ್ನು ಸಿಟ್ಟಿನಿಂದ ಹೇಳಲಿಲ್ಲ, ಅಡಿಕೆ ಕತ್ತರಿಸುತ್ತ ಹೇಳಿದರು. ಪಂಚಾಯತಿ ಅಧ್ಯಕ್ಷೆ ಅವರ ಹೆಂಡತಿ. ಆಕೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಮರುದಿನ ಗ್ರಾಮಸಭೆ ಇತ್ತು. ಡಂಗುರ ಸಾರುವುದು ನನ್ನ ಕೆಲಸ. ನಮ್ಮಪ್ಪನದೂ ಅದೇ ಆಗಿತ್ತು. ನಮ್ಮೂರಲ್ಲಿ ಒಂದು ಪದ್ಧತಿ ಇದೆ. ಹಲಗಿ ಬಾರಿಸಿ ಹೇಳುವ ಮಾತನ್ನು ಯಾರೂ ನಡುವೆ ತಡೆಯಬಾರದು, ಹೇಳಿ ಮುಗಿಸುವವರೆಗೆ ಗೌಡನಾದರೂ ಸುಮ್ಮನಿರಬೇಕು. ಮುಗಿದ ಮೇಲೆ ಒದೆಯಬಹುದು.

ನಮ್ಮ ಓಣಿಯಲ್ಲಿ ಜೋರಾಗಿಯೇ ಬಾರಿಸಿದೆ. ಎಲ್ಲರೂ ತೊಗರಿ ಹೊಲಕ್ಕೆ ಹೋದ ಹೊತ್ತಿಗೇ ಸಾರಬೇಕೆಂದು ಅಪ್ಪಣೆಯಾಗಿತ್ತು. ಹಾಗಾಗಿ ಕೇಳಲು ಇದ್ದದ್ದು ಹಾಸಿಗೆ ಹಿಡಿದ ನಮ್ಮಜ್ಜಿ ಸಾಬವ್ವ ಮತ್ತು ಒಂದೆರಡು ನಾಯಿ.

“ಯಾತರ ಸಭಾಲೇ ಅದು?” ಅಜ್ಜಿ ಕೇಳಿದಳು.

“ಹುಡುಗ್ರು, ಹಿಂದ ಬಿದ್ದವ್ರು ಸಭಾದಾಗ ಪಾಲ್ಗೊಳ್ಳಬೇಕಂತ.”

“ನಾ ಯಾವದ್ರಾಗ ಬರ್ತೇನಿ?”

“ನೀ ಎರಡನೇದ್ರಾಗ.”

“ಹಂಗಾದ್ರ ದಾರೀದು ಕೇಳ್ರಿ,” ಎಂದು ಕಣ್ಣು ಮುಚ್ಚಿದಳು.

ಅಜ್ಜಿಗೆ ಸಾವಿನ ಹೆದರಿಕೆ ಇರಲಿಲ್ಲ, ಸತ್ತ ಮೇಲೆ ಹೋಗುವ ದಾರಿಯದೇ ಚಿಂತೆ. ನಮ್ಮ ಸುಡುಗಾಡು ಇರುವುದು ಭೀಮಾ ದಂಡೆಯಲ್ಲಿ. ಅಲ್ಲಿಗಿದ್ದ ದಾರಿಯನ್ನು ಗೌಡರು ಹರಗಿ ಕಬ್ಬು ಹಚ್ಚಿದ್ದಾರೆ. ಇನ್ನೊಂದು ದಾರಿ ಊರೊಳಗಿನದು, ಗುಡಿಯ ಮುಂದೆ, ಗೌಡರ ಬಾಗಿಲ ಮುಂದೆ ಹಾಯುತ್ತದೆ. ಅಲ್ಲಿ ನಮ್ಮ ಹೆಣ ಹೋಗುವಂತಿಲ್ಲ. ಉಳಿದದ್ದು ಹಳ್ಳ. ಈ ಮಳೆಗಾಲದಲ್ಲಿ ನಮ್ಮ ಕಾಕಾನನ್ನು ಹಳ್ಳದ ನೀರಿನಲ್ಲಿಯೇ ಹೊತ್ತು ನಡೆದೆವು. ಒಬ್ಬನ ಕಾಲು ಜಾರಿತು, ಹೆಣ ನೀರಿಗೆ ಬಿತ್ತು, ತೇಲಿ ಹೋಗುತ್ತಿದ್ದುದನ್ನು ಧೋತರದ ಚುಂಗು ಹಿಡಿದು ಎಳೆದು ತಂದೆವು. ಗೌಡರ ಆಳು ದಂಡೆಯ ಮೇಲೆ ಬೀಡಿ ಸೇದುತ್ತ ನಿಂತು ನೋಡಿದ. ಅಂದಿನಿಂದ ಅಜ್ಜಿಯದು ಒಂದೇ ಮಾತು: “ನನ್ನ ನೀರಾಗ ಕೆಡವಬ್ಯಾಡ್ರಿ.”

ನನ್ನ ತಂಗಿ ಪಂಚಶೀಲಾ ಅಫಜಲಪುರದಲ್ಲಿ ಬಿ.ಎ. ಓದುತ್ತಾಳೆ. ಸಂಜೆ ಮನೆಮನೆಗೆ ತಿರುಗಿ, ನಾಳೆ ಕೂಲಿ ಬಿಟ್ಟು ಬರಬೇಕೆಂದು ಓಣಿಯ ಹುಡುಗರನ್ನೆಲ್ಲ ಒಪ್ಪಿಸಿದಳು.

ಸಭೆಯನ್ನು ಹಣಮಂತ ದೇವರ ಗುಡಿಯ ಅಂಗಳದಲ್ಲಿ ಇಟ್ಟಿದ್ದರು. ಪಂಚಾಯತಿ ಕಟ್ಟಡದಲ್ಲಿ ಸೆಕೆ ಎಂಬುದು ಗೌಡರ ಕಾರಣ. ಅಂಗಳದೊಳಗೆ ನಾವು ಕಾಲಿಡುವುದಿಲ್ಲ. ಗೋಡೆಯ ಹೊರಗೆ ಬೇವಿನ ಗಿಡದ ಕೆಳಗೆ ಕುಳಿತೆವು. ತಾಲೂಕಿನಿಂದ ಬಂದ ಅಧಿಕಾರಿ ಪ್ರಾಯದವನು, ಒಳ್ಳೆಯವನ ಹಾಗೆ ಕಂಡ.

“ಫೋಟೋದಾಗ ಇವ್ರೂ ಬರಬೇಕಲ್ರಿ?” ಎಂದ.

ಗೌಡರು ಬ್ಯಾನರ್ ಬಿಚ್ಚಿಸಿದರು. ನಾವು ಒಳಗೆ ಹೋಗಲಿಲ್ಲ, ಬ್ಯಾನರೇ ಹೊರಗೆ ಬಂತು. ಯುವಜನರ ಮತ್ತು ದುರ್ಬಲರ ಸಹಭಾಗಿತ್ವ ಎಂದು ಅದರ ಮೇಲೆ ಬರೆದಿತ್ತು. ಅದರ ಕೆಳಗೆ ನಮ್ಮನ್ನು ನಿಲ್ಲಿಸಿ ಫೋಟೋ ತೆಗೆದರು, ನಗಲು ಹೇಳಿದರು, ನಕ್ಕೆವು. ಬ್ಯಾನರ್ ಮತ್ತೆ ಒಳಗೆ ಹೋಯಿತು.

“ಪ್ರಶ್ನಿ ಏನರೆ ಇದ್ರ ಕೇಳ್ರಿ,” ಎಂದು ಅಧಿಕಾರಿ ಮೈಕಿನಲ್ಲಿ ಹೇಳಿದ.

ಪಂಚಶೀಲಾ ಗೋಡೆಯಾಚೆಯಿಂದ ಕೈ ಎತ್ತಿ ನಿಂತಳು. “ಸುಡುಗಾಡಿನ ದಾರಿ ನಮಗ ಬೇಕ್ರಿ,” ಎಂದು ಕೂಗಿದಳು.

“ಮೈಕ್ ಕೊಡ್ರಿ ಆಕಿಗಿ,” ಎಂದ ಅಧಿಕಾರಿ.

“ವೈರ್ ಗಿಡ್ಡ ಅದ್ರಿ ಸಾಹೇಬ್ರ,” ಎಂದರು ಗೌಡರು.

“ಹಂಗಾದ್ರ ಆಕೀನೇ ಒಳಗ ಬರ್ಲಿ.”

“ಅವ್ರು ಬರಂಗಿಲ್ರಿ. ಅವರಿಗೇ ಅದು ಚಂದ ಅನಸಂಗಿಲ್ಲ.”

ಪಂಚಶೀಲಾ ಹೋದಳು. ಒಂದು ಮೆಟ್ಟಿಲು ಏರಿದ್ದಳಷ್ಟೇ, ಹಳ್ಳದ ದಂಡೆಯಲ್ಲಿ ಬೀಡಿ ಸೇದಿದ ಅದೇ ಆಳು ಆಕೆಯ ರಟ್ಟೆ ಹಿಡಿದು ನೂಕಿದ. “ಎಲ್ಲಿ ಏರ್ತಿ ಬೇ, ಹಲ್ಕಟ್ ರಂಡಿ?” ಆಕೆ ನನ್ನ ಕಾಲ ಬಳಿ ಬಂದು ಬಿದ್ದಳು. ಅಧಿಕಾರಿ ಆಗ ನೀರು ಕುಡಿಯುತ್ತಿದ್ದ.

ನಾನು ಬಿಸಿಲಿಗೆ ಕಾಯಲು ಇಟ್ಟಿದ್ದ ಹಲಗಿಯನ್ನು ಹೆಗಲಿಗೆ ಹಾಕಿಕೊಂಡೆ, ಬಾರಿಸುತ್ತ ಮೆಟ್ಟಿಲು ಏರಿದೆ. ಆಳು ಕೈ ಎತ್ತಿದವನು ಹಲಗಿ ಕೇಳಿ ಇಳಿಸಿದ. ಅಧಿಕಾರಿ ಇದು ಸಾಂಸ್ಕೃತಿಕ ಕಾರ್ಯಕ್ರಮವೆಂದು ತಿಳಿದು ಮೊಬೈಲ್ ತೆಗೆದ. ಅಂಗಳದ ನಡುವೆ ನಿಂತು ಸಾರಿದೆ:

“ಕೇಳ್ರೆಪ್ಪೋ ಕೇಳ್ರಿ. ನಮ್ಮ ಓಣಿ ಸಾಬವ್ವ ಸತ್ತ ದಿನ ಆಕಿ ಹೆಣ ಹಳ್ಳಕ್ಕ ಇಳಿಯಂಗಿಲ್ಲ. ಅಗಸಿ ಬಾಗಲದಾಗಿಂದ ಊರಾಗ ಬರ್ತದ. ಈ ಗುಡಿ ಮುಂದ ಇಳಸ್ತೇವಿ. ಗೌಡರ ಕಟ್ಟಿ ಮುಂದ ಇಳಸ್ತೇವಿ. ಸಣ್ಣವ್ರು ದೊಡ್ಡವ್ರು ಎಲ್ಲಾರೂ ಬಂದು ಪಾಲ್ಗೊಳ್ಳಬೇಕು.”

ಹಿಂದೆ ತಿರುಗಿ ನೋಡಿದರೆ ಓಣಿಯ ಹುಡುಗರೆಲ್ಲ ಒಳಗೆ ಬಂದು ನಿಂತಿದ್ದರು. ಪಂಚಶೀಲಾ ಮುಂದೆ ಇದ್ದಳು, ಮೊಣಕೈಯಿಂದ ರಕ್ತ ಬರುತ್ತಿತ್ತು. “ಇದನ್ನ ಬರ್ಕೋರಿ ಸಾಹೇಬ್ರ,” ಎಂದಳು.

“ಯಾರು ತೀರ್ಕೊಂಡಾರ?” ಎಂದು ಅಧಿಕಾರಿ ನನ್ನನ್ನು ಕೇಳಿದ.

“ಇನ್ನೂ ಯಾರೂ ಇಲ್ರಿ,” ಎಂದೆ.

ಡಂಗುರ ಮುಗಿದಿತ್ತಲ್ಲ, ಆಮೇಲೆ ಒದ್ದರು. ಹಲಗಿಯ ಚರ್ಮಕ್ಕೆ ಕುಡುಗೋಲು ಹಾಕಿ ಸೀಳಿದರು. ಅಧಿಕಾರಿಯ ಜೀಪು ಅಷ್ಟರಲ್ಲಿ ಊರು ದಾಟಿತ್ತು.

ಮರುದಿನದಿಂದ ನಮ್ಮ ಓಣಿಯವರನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಅಜ್ಜಿಗೆ ಮಾತ್ರ ಗೌಡರ ಮನೆಯಿಂದ ತಂಬಿಗೆ ತುಂಬ ಹಾಲು ಬಂತು. ಹುಟ್ಟಿದಾಗಿನಿಂದ ಆ ಮನೆಯ ಮಜ್ಜಿಗೆಯನ್ನೂ ಕಾಣದವಳು ಆಕೆ. ಡಾಕ್ಟರನೂ ಬಂದ, ಗೌಡರ ಕಾರಿನಲ್ಲಿಯೇ. ಇಂಜೆಕ್ಷನ್ ಚುಚ್ಚಿ, ಚೆನ್ನಾಗಿ ತಿಂದರೆ ಇನ್ನೂ ವರ್ಷಗಟ್ಟಲೆ ಬಾಳುತ್ತಾಳೆ ಎಂದ. ಓಣಿಯ ಬಾಯಿಯಲ್ಲಿ ಮೂಗಿಗೆ ಟವಲ್ ಹಿಡಿದು ಗೌಡರು ನಿಂತಿದ್ದರು.

“ಆಯಿ ಆರಾಮ ಅದಾಳಲ್ಲೋ?” ಎಂದು ಕೇಳಿದರು.

“ಅದಾಳ್ರಿ,” ಎಂದೆ.

“ಆಕಿ ಮ್ಯಾಲ ನೆದರಿಡ್ರಿ.”

ಅಜ್ಜಿ ತಂಬಿಗೆಯನ್ನು ಬಹಳ ಹೊತ್ತು ನೋಡಿದಳು.

“ಕಬ್ಬು ತಗದಾನೇನು?”

“ಇಲ್ಲ.”

“ಮತ್ತ ಹಾಲ್ಯಾಕ?”

“ನೀ ಸಾಯಬಾರದಂತ.”

ಅಜ್ಜಿ ನಕ್ಕಳು. ನಗುವಿನ ಹಿಂದೆ ಕೆಮ್ಮು ಬಂತು.

“ಪಂಚಶೀಲಾ, ಇದನ್ನ ಒಯ್ದು ಅವ್ನ ಕಟ್ಟಿ ಮ್ಯಾಲ ಇಡು. ಹಳ್ಳದಾಗ ಹಾದು ಹೋಗಬ್ಯಾಡ, ಊರಾಗಿಂದ ಹೋಗು. ದಾರಿ ಬಿಟ್ಟ ದಿನ ಕುಡಿತಾಳಂತ ಹೇಳು.”

ಪಂಚಶೀಲಾ ತಂಬಿಗೆ ಎತ್ತಿಕೊಂಡು ಹೋದಳು. ನಾನು ಅಂಬಲಿ ತಂದು ಬಾಯಿಗೆ ಹಿಡಿದೆ. ಅಜ್ಜಿ ಅದನ್ನೂ ಸರಿಸಿ ಗೋಡೆಯ ಕಡೆ ಹೊರಳಿದಳು.

“ಹಲಗಿ ಹರದದ ಅಂದ್ರಲ್ಲ,” ಎಂದಳು. “ಲಗೂನ ಬಿಗಿ. ನಾ ಭಾಳ ದಿನ ತಡಿಯಾಕಿ ಅಲ್ಲ.”

ನಾನು ಹೊಸ ಚರ್ಮವನ್ನು ನೆನೆಯಲು ನೀರಿಗೆ ಹಾಕಿದೆ.